ಬೆನ್ನೆಲುಬಿನ ಮಾದರಿ ತೇಲಿ ಬಾಗಿದಾಗ

ಹಾಸನದಲ್ಲಿ ಅರಿವಳಿಕೆ ವಿಭಾಗದ ಕಿರಿಯ ವೈದ್ಯರಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿಗೆ ಸೂಜಿ ಚುಚ್ಚುವ ಅಭ್ಯಾಸ ಮಾಡಿಸಲು, ಸೊಂಟದ ಐದು ಕಶೇರುಗಳ ಮಾದರಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ಬಳಸಿ ಮುದ್ರಿಸಿ, ಮಾಂಸಖಂಡದ ಬದಲಿಗೆ ಅದರ ಸುತ್ತ ಅಗರ್ (ಕಡಲಕಳೆಯಿಂದ ಮಾಡಿದ, ಬಿಸಿನೀರಿನಲ್ಲಿ ಕರಗಿ ಆರಿದಾಗ ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥ) ಸುರಿದೆನು.

ಮೊದಲ ಪ್ರಯತ್ನ ಸಂಪೂರ್ಣ ಕೆಟ್ಟಿತು. ಪ್ಲಾಸ್ಟಿಕ್ ಉಳಿಸುವ ಆಸೆಯಿಂದ ಒಳಭಾಗವನ್ನು ಶೇ. 20ರಷ್ಟು ಮಾತ್ರ ತುಂಬಿಸಿದ್ದರಿಂದ ಮಾದರಿ ತೇಲಿತು. ಕುದಿಯುತ್ತಿದ್ದ ಅಗರ್ ತಗುಲಿ ಕಶೇರುಗಳಿಂದ ಹಿಂಬದಿಗೆ ಚಾಚಿದ ಮೂಳೆಯ ಮುಳ್ಳುಗಳೂ ಬಾಗಿದವು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ ಎಂಬುದು ಆಗ ನೆನಪಿಗೆ ಬರಲಿಲ್ಲ. ಪರದೆಯ ಮೇಲಂತೂ ಮೂಳೆಗಿಂತ ಮೊದಲು ಗುಳ್ಳೆಗಳೇ ಹೊಳೆಯುತ್ತಿದ್ದವು, ಏಕೆಂದರೆ ಗಾಳಿಯು ಧ್ವನಿತರಂಗವನ್ನು ಬಹುಪಾಲು ಹಿಂದಕ್ಕೆ ಅಟ್ಟಿಬಿಡುತ್ತದೆ.

ಎರಡನೆಯ ಸಲ ಒಳಭಾಗವನ್ನು ಪೂರ್ತಿ ತುಂಬಿಸಿ ಮುದ್ರಿಸಿದೆನು. ಪದರಗಳ ಸಂದಿನಲ್ಲಿದ್ದ ಗಾಳಿ ಹೋಗುವಂತೆ ಮಾದರಿಯನ್ನು ನೀರಿನಲ್ಲಿಟ್ಟು ಬ್ರಷ್‌ನಿಂದ ಉಜ್ಜಿ, ಕುದಿಸಿದ ಅಗರ್ 50 ಡಿಗ್ರಿಗೆ ಇಳಿದ ಮೇಲೆ ಪಾತ್ರೆಯ ಅಂಚಿನಿಂದ ನಿಧಾನವಾಗಿ ಸುರಿದೆನು. 40 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ನಮ್ಮ ಡಿಸೆಂಬರ್ ಚಳಿಯಲ್ಲಿ ತಡಮಾಡುವಂತಿಲ್ಲ. ಬರೀ ಅಗರ್ ಪರದೆಯಲ್ಲಿ ಕಪ್ಪಗೆ ಕಾಣುತ್ತದೆ. ಅಂಗಾಂಶದಂತೆ ಬೂದುಬಣ್ಣ ಬರಲು ಔಷಧದಂಗಡಿಯ ಇಸಬ್‌ಗೋಲ್ ಹೊಟ್ಟನ್ನು ಸ್ವಲ್ಪ ಕಲಸಿದೆನು.

ಈಗ ಮುಳ್ಳುಗಳು ಬೆಳ್ಳಗೆ, ಅವುಗಳ ಹಿಂದೆ ಕಪ್ಪು ನೆರಳು, ನಡುವೆ ಸೂಜಿಯ ದಾರಿ ಸ್ಪಷ್ಟವಾಗಿ ಕಾಣುತ್ತವೆ. ಸೂಜಿ ಚುಚ್ಚಿದ ಗೆರೆಗಳು ಮಾತ್ರ ಉಳಿದುಬಿಡುತ್ತವೆ. ಅಗರನ್ನು ಮತ್ತೆ ಕರಗಿಸಿ ಸುರಿಯುತ್ತೇವೆ.