ಪೆಲೆಟ್ ಒಲೆಯ ಹಾಪರ್‌ಗೆ ಒಂದಡಿ ಸೇರಿಸುವುದು

ಬೆಂಗಳೂರು ಶ್ರೀನಗರದ ನಮ್ಮ ಮನೆ ಹಿಂದಿನ ಶೀಟ್ ಶೆಡ್ಡಿನಲ್ಲಿ ನಾನು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತೇನೆ. ಗ್ಯಾಸ್ ಬಿಟ್ಟು, ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳಲ್ಲಿ ಉರಿಯುವ ಪೆಲೆಟ್ ಒಲೆಗೆ ಬಂದು ಮೂರು ವರ್ಷ ಆಯಿತು. ಒಲೆ ಬಗ್ಗೆ ದೂರಿಲ್ಲ, ಪೆಲೆಟ್ ತುಂಬುವ ತೊಟ್ಟಿ, ಅಂದರೆ ಹಾಪರ್ ಮಾತ್ರ ಚಿಕ್ಕದು. ಎಂಟು ಕೆಜಿ ಹಿಡಿಯುತ್ತದೆ, ಜೋರು ಉರಿಯಲ್ಲಿ ಗಂಟೆಗೆ ಎರಡು ಕೆಜಿ ತಿನ್ನುತ್ತದೆ. ಬೆಳಗ್ಗೆ ಐದಕ್ಕೆ ಹಚ್ಚಿದರೆ ಒಂಬತ್ತಕ್ಕೆ ಖಾಲಿ. ಗೌರಿ ಹಬ್ಬದ ಆರ್ಡರ್ ಇದ್ದಾಗ ಒಂಬತ್ತು ಗಂಟೆಗೆ ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತವೆ.

ಮೊದಲ ಸಲ ಕೈಗೆ ಸಿಕ್ಕಿದ್ದನ್ನೇ ಹಾಕಿದೆ. 15 ಕೆಜಿ ಎಣ್ಣೆ ಡಬ್ಬದ ತಳ ಕತ್ತರಿಸಿ ಹಾಪರ್ ಬಾಯಿ ಮೇಲೆ ಕೂರಿಸಿದೆ. ನೋಡೋಕೆ ಚೆನ್ನಾಗೇ ಇತ್ತು. ಎರಡನೇ ದಿನ ಉರಿ ಕುಗ್ಗಿತು. ಡಬ್ಬದಲ್ಲಿ ಅರ್ಧ ಪೆಲೆಟ್ ಇದೆ, ಒಲೆಗೆ ಬರುತ್ತಿಲ್ಲ. ಬಾಣಲೆ ಎಣ್ಣೆ ಆರಿ, ಎರಡು ಕೆಜಿ ಚಕ್ಕುಲಿ ಎಣ್ಣೆ ಕುಡಿದು ಮೆತ್ತಗಾಯಿತು. ಟಾರ್ಚ್ ಬಿಟ್ಟು ನೋಡಿದೆ. ಕತ್ತರಿಸಿದ ಅಂಚು ಕೈ ಕುಯ್ಯದಿರಲಿ ಅಂತ ಅದನ್ನು ಒಳಕ್ಕೆ ಮಡಚಿದ್ದೆ. ಆ ಅರ್ಧ ಇಂಚಿನ ಕಟ್ಟೆ ಮೇಲೆ ಪುಡಿ ಕೂತು, ಪುಡಿ ಮೇಲೆ ಪೆಲೆಟ್ ಕೂತು, ನಾಲ್ಕೂ ಕಡೆಯಿಂದ ಬೆಳೆದು ಕಮಾನು ಕಟ್ಟಿಕೊಂಡಿತ್ತು. ಕೆಳಗೆಲ್ಲ ಖಾಲಿ. ಆ ಖಾಲಿ ಜಾಗದಲ್ಲಿ ಹೊಗೆ.

ಹಾಗಾಗಿ ಎಷ್ಟು ಕೆಜಿ ಹಿಡಿಯುತ್ತದೆ ಅನ್ನೋದು ಆಮೇಲಿನ ಮಾತು. ಮೊದಲು ಜೋಡಣೆ ನೋಡಿ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಪೆಲೆಟ್ ಸ್ಟೌವ್‌ಗಳಿಗೆ ಎಷ್ಟೋ ಕಂಪನಿಗಳೇ ಹಾಪರ್ ಎಕ್ಸ್‌ಟೆನ್ಶನ್ ಮಾರುತ್ತವೆ. ನಿಮ್ಮ ಒಲೆ ಮಾರಿದವರನ್ನೂ ಒಮ್ಮೆ ಕೇಳಿ. ನನಗೆ ಸಿಗಲಿಲ್ಲ, ಫ್ಯಾಬ್ರಿಕೇಶನ್ ಅಂಗಡಿಯೇ ಗತಿಯಾಯಿತು.

ಲೆಕ್ಕ ಸುಲಭ. ಒಂದು ಲೀಟರ್ ಜಾಗದಲ್ಲಿ ಸುಮಾರು 650 ಗ್ರಾಂ ಪೆಲೆಟ್ ಕೂರುತ್ತದೆ. ನನ್ನ ಹಾಪರ್ ಬಾಯಿ 25 ಸೆಂ.ಮೀ. ಚೌಕ. ಅದರ ಮೇಲೆ 30 ಸೆಂ.ಮೀ. ಎತ್ತರ ಅಂದರೆ ಹೆಚ್ಚುಕಮ್ಮಿ 19 ಲೀಟರ್, ಅಂದರೆ 12 ಕೆಜಿ. ಹಳೆಯ ಎಂಟು ಸೇರಿ 20. ಹತ್ತು ಗಂಟೆ ಉರಿ ಸಾಕಲ್ವಾ? ಇನ್ನೂ ಎತ್ತರಕ್ಕೆ ಆಸೆಪಡಬೇಡಿ. ಒಲೆ ತಲೆಭಾರವಾಗುತ್ತದೆ, ಮೂಟೆ ಎತ್ತಿ ಸುರಿಯೋಕೆ ಸ್ಟೂಲ್ ಬೇಕಾಗುತ್ತದೆ. ಒಂದಡಿಗೇ ನಾನು ಹಾಪರ್ ಪಕ್ಕಕ್ಕೆ ಆ್ಯಂಗಲ್‌ನ ಎರಡು ಕಾಲು ಕೊಡಿಸಿದ್ದೇನೆ.

ಅಂಗಡಿಗೆ ಹೋಗುವ ಮುಂಚೆ ರಟ್ಟಿನಲ್ಲಿ ಪೆಟ್ಟಿಗೆ ಮಾಡಿ ಹಾಪರ್ ಮೇಲೆ ಇಟ್ಟು ನೋಡಿ. ಬಾಯಿಯ ನಾಲ್ಕೂ ಬದಿ ಬೇರೆ ಬೇರೆ ಅಳೆಯಿರಿ. ನನ್ನದು ಚೌಕ ಅಂದುಕೊಂಡಿದ್ದೆ, ಒಂದು ಬದಿ 4 ಮಿ.ಮೀ. ಜಾಸ್ತಿ ಇತ್ತು. ತಗಡು 22 ಗೇಜ್ ಜಿಐ (ಸತು ಲೇಪದ ತಗಡು) ಸಾಕು. ಪ್ಲಾಸ್ಟಿಕ್, ಪ್ಲೈವುಡ್ ಖಂಡಿತ ಬೇಡ. ಮೋಟಾರ್‌ನಿಂದ ತಿರುಗಿ ಪೆಲೆಟ್ಟನ್ನು ಉರಿಗೆ ತಳ್ಳುವ ಸ್ಕ್ರೂ ದಾರಿಯಲ್ಲಿ ಬೆಂಕಿ ಹಿಂದಕ್ಕೆ ತೆವಳಿ ಹಾಪರ್‌ಗೆ ಬರುವುದುಂಟು.

ನಾನು ಹೋಗಿದ್ದು ಫ್ಲೋರ್ ಮಿಲ್‌ಗಳಿಗೆ ತಗಡಿನ ಕೆಲಸ ಮಾಡಿಕೊಡುವ ಹುಡುಗನ ಹತ್ತಿರ. ಕಾಳು ಜಾರುವ ಕೆಲಸ ಅವನಿಗೆ ಗೊತ್ತು. ಆದರೂ ಅವನು, "ಅಕ್ಕಾ, ಹೊರಗಿಂದ ಕವಚಿ ಹಾಕಿಬಿಡ್ತೀನಿ, ಭದ್ರವಾಗಿರುತ್ತೆ" ಅಂದ. ಹಾಗೆ ಮಾಡಿದರೆ ಹಾಪರ್‌ನ ಅಂಚು ಒಳಗೆ ಮೆಟ್ಟಿಲಿನ ಹಾಗೆ ನಿಲ್ಲುತ್ತದೆ, ಮತ್ತೆ ಅದೇ ಕಮಾನು. "ಟೋಪಿ ಥರ ಬೇಡಪ್ಪಾ, ಲಾಳಿಕೆ ಥರ ಮಾಡು" ಅಂದೆ. ಪೆಟ್ಟಿಗೆಯ ಕೆಳಗಿನ ಎರಡು ಇಂಚು ಹಾಪರ್ ಬಾಯಿ ಒಳಗೆ ಇಳಿಯಬೇಕು. ಅದರ ಮೇಲೆ ಹೊರಗಡೆ ಒಂದಿಂಚಿನ ಪಟ್ಟಿ, ಅದು ಹಾಪರ್ ಅಂಚಿನ ಮೇಲೆ ಕೂರಬೇಕು. ಆಗ ಜಾರುವ ಪೆಲೆಟ್‌ಗೆ ಎಲ್ಲೂ ತಡೆ ಸಿಗುವುದಿಲ್ಲ. ಗೋಡೆ ನೆಟ್ಟಗಿರಲಿ. ಮೇಲೆ ಅಗಲ ಮಾಡಲೇಬೇಕು ಅಂದರೆ ಇಳಿಜಾರು ಕಡಿದಾಗಿರಲಿ. ಪೆಲೆಟ್ ಸುರಿದರೆ ರಾಶಿ ಸುಮಾರು 35-40 ಡಿಗ್ರಿಯಲ್ಲಿ ನಿಂತುಬಿಡುತ್ತದೆ, ನನ್ನ ಪ್ರಕಾರ 60 ಡಿಗ್ರಿಗಿಂತ ಕಡಿಮೆ ಬೇಡವೇ ಬೇಡ.

ರಿವೆಟ್ ಹೊಡೆಯುವಾಗ ಪಕ್ಕದಲ್ಲೇ ನಿಂತಿರಿ. ಚಪ್ಪಟೆ ತಲೆ ಒಳಗೆ ಬರಬೇಕು, ಉಬ್ಬಿದ ಬಾಲ ಹೊರಗೆ. ಅವರಿಗೆ ಹೊರಗಿಂದ ಹೊಡೆಯೋದು ಸುಲಭ, ಹೇಳದಿದ್ದರೆ ಹಾಗೇ ಮಾಡುತ್ತಾರೆ.

ಕೂರಿಸುವ ದಿನ ಒಲೆ ಪೂರ್ತಿ ತಣ್ಣಗಿರಲಿ, ಪ್ಲಗ್ ಕಿತ್ತಿರಲಿ, ಹಾಪರ್ ಖಾಲಿ ಇರಲಿ. ಹಳೆ ಮುಚ್ಚಳದ ತಿರುಗಣಿ ಬಿಚ್ಚಿ. ಅಂಚಿನ ಧೂಳು, ಎಣ್ಣೆ ಜಿಡ್ಡು ಒರೆಸಿ. ಇಂಜಿನ್ ಗ್ಯಾಸ್ಕೆಟ್‌ಗೆ ಹಾಕುವ ಕೆಂಪು ಸಿಲಿಕೋನ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಎಲ್ಲೂ ತುಂಡಾಗದ ಹಾಗೆ ಸುತ್ತ ಹಚ್ಚಿ, ಪೆಟ್ಟಿಗೆ ಇಳಿಸಿ, ನಾಲ್ಕು ಬೋಲ್ಟ್ ಬಿಗಿ ಮಾಡಿ. ಒಂದು ದಿನ ಮುಟ್ಟಬೇಡಿ. ಮುಚ್ಚಳ ತೆಗೆದರೆ ಮೋಟಾರ್ ನಿಲ್ಲಿಸುವ ಸ್ವಿಚ್ ನಿಮ್ಮ ಒಲೆಯಲ್ಲಿದ್ದರೆ ಅದನ್ನು ಹೊಸ ಮುಚ್ಚಳಕ್ಕೇ ಹೊಂದಿಸಿಕೊಳ್ಳಿ. ವೈರ್ ಸೇರಿಸಿ ಸುಮ್ನೆ ಏಮಾರಿಸಬೇಡಿ.

ಮುಚ್ಚಳಕ್ಕೆ ನಾನು ಸಿಲಿಕೋನ್ ಹಾಕಲಿಲ್ಲ, ದಿನಾ ತೆಗೆಯಬೇಕಲ್ಲ. ಅಂಚಿಗೆ ಗ್ಲಾಸ್ ಫೈಬರ್ ಹಗ್ಗ ಅಂಟಿಸಿ ಎರಡು ಕ್ಲಿಪ್ ಹಾಕಿಸಿದೆ. ನನ್ನ ಒಲೆಯ ಬ್ಲೋವರ್ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಮುಚ್ಚಳ ಸಡಿಲವಿದ್ದರೆ ಹೊಗೆ ಹಾಪರ್ ಮೂಲಕ ಮೇಲೆ ಬರುತ್ತದೆ. ಕರೆಂಟ್ ಹೋದಾಗ ಇನ್ನೂ ಕಷ್ಟ, ಬ್ಲೋವರ್ ನಿಂತು ಹೊಗೆ ದಾರಿ ತಪ್ಪುತ್ತದೆ. ಹಾಗಾಗಿ ಬ್ಲೋವರ್, ಮೋಟಾರ್ ಎರಡನ್ನೂ ಇನ್ವರ್ಟರ್‌ಗೆ ಕೊಟ್ಟಿದ್ದೇನೆ. ಶೆಡ್ಡಿನ ಬಾಗಿಲು, ಕಿಟಕಿ ತೆರೆದೇ ಇರಲಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮೊದಲ ಸಲ ಹಚ್ಚುವಾಗ ಅರ್ಧ ಹಾಪರ್ ಮಾತ್ರ ತುಂಬಿ. ಉರಿ ಹತ್ತಿದ ಮೇಲೆ ಊದುಬತ್ತಿ ಹಚ್ಚಿ ಜೋಡಣೆಯ ಸುತ್ತ ನಿಧಾನವಾಗಿ ಆಡಿಸಿ. ಹೊಗೆ ನೆಟ್ಟಗೆ ಏರಿದರೆ ಸರಿ. ಎಲ್ಲಾದರೂ ಪಕ್ಕಕ್ಕೆ ಬಾಗಿದರೆ ಅಲ್ಲಿ ಸೋರುತ್ತಿದೆ. ನನಗೆ ಹಿಂದಿನ ಮೂಲೆಯಲ್ಲಿ ಸಿಕ್ಕಿತು. ನಮ್ಮತ್ತೆ, "ಒಲೆಗೆ ಮಂಗಳಾರತಿ ಎತ್ತುತ್ತಿದ್ದೀಯೇನೇ?" ಅಂದರು. ಅರ್ಧ ಗಂಟೆ ಬಿಟ್ಟು ಪೆಟ್ಟಿಗೆಗೆ ಅಂಗೈ ಇಟ್ಟು ನೋಡಿ. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕೆ ಆಗದಿದ್ದರೆ ಬೆಂಕಿ ಹಿಂದೆ ಬರುತ್ತಿದೆ ಅಂತಲೇ ತಿಳಿಯಿರಿ, ಒಲೆ ಆರಿಸಿ.

ವಾರಕ್ಕೊಮ್ಮೆ ಹಾಪರ್ ತಳ ಕಾಣುವವರೆಗೆ ಉರಿಸಿ ಪುಡಿ ಗುಡಿಸುತ್ತೇನೆ. ಮಳೆಗಾಲದಲ್ಲಿ ರಾತ್ರಿ 20 ಕೆಜಿ ತುಂಬಿ ಬಿಡುವುದಿಲ್ಲ, ಬೆಳಗ್ಗೆಗೆ ಬೇಕಾದಷ್ಟೇ. ಪೆಲೆಟ್ ನೀರು ಕುಡಿದರೆ ಉಬ್ಬಿ ಮತ್ತೆ ಮರದ ಪುಡಿಯಾಗಿ ಸ್ಕ್ರೂ ಹಿಡಿದುಕೊಳ್ಳುತ್ತದೆ. ಒಂದು ಸಲ ಹಾಗಾಗಿ, ಮಧ್ಯಾಹ್ನದವರೆಗೆ ಸಾರಿನ ಸೌಟಿನಲ್ಲಿ ತೋಡಿ ತೆಗೆದೆ.