ನೆಕ್ ಎದ್ದ ಗಿಟಾರ್ ಸ್ಲೈಡ್ ಗಿಟಾರ್ ಆಯಿತು

ಹಳೇ ಗಿಟಾರ್ ಕೊಳ್ಳಲು ಹೋಗುವಾಗ ಟ್ಯೂನರ್ ಮರೆತರೂ ಪರವಾಗಿಲ್ಲ, ಉದ್ದದ ಸ್ಟೀಲ್ ಸ್ಕೇಲ್ ಮರೆಯಬಾರದು. ಸ್ಕೇಲನ್ನು ನೆಕ್ಕಿನ (ಗಿಟಾರಿನ ಕತ್ತು) ಫ್ರೆಟ್‌ಗಳ, ಅಂದರೆ ಲೋಹದ ಅಡ್ಡಪಟ್ಟಿಗಳ, ಮೇಲೆ ಉದ್ದಕ್ಕೆ ಇಟ್ಟು, ತಂತಿಗಳ ಬುಡ ಕೂರುವ ಬ್ರಿಡ್ಜ್ ಕಡೆಗೆ ಚಾಚಬೇಕು. ಅದರ ತುದಿ ಬ್ರಿಡ್ಜಿನ ನೆತ್ತಿ ಸವರಿಕೊಂಡು ಹೋದರೆ ನೆಕ್ ಸರಿಯಾಗಿದೆ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ನನಗೆ ಸಿಕ್ಕ ಗಿಟಾರಿನಲ್ಲಿ ಸ್ಕೇಲು ಬ್ರಿಡ್ಜಿನ ಬುಡಕ್ಕೇ ಬಡಿಯಿತು, ಅಂದರೆ ನೆಕ್ ಮೇಲಕ್ಕೆ ಎದ್ದಿತ್ತು. ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ತಂತಿ 5 ಮಿ.ಮೀ.ಗಿಂತ ಮೇಲಿತ್ತು. ಅಲ್ಲಿ 2.5 ಮಿ.ಮೀ. ಆಸುಪಾಸು ಇದ್ದರೆ ಬೆರಳಿಗೆ ಹಿತ. ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವಷ್ಟರಲ್ಲಿ ಕೈ ಸೋತಿತು.

ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರಲಿಲ್ಲ. ಇದ್ದಿದ್ದರೂ ಉಪಯೋಗ ಅಷ್ಟಕ್ಕಷ್ಟೇ. ಆ ರಾಡ್ ನೆಕ್ಕಿನ ಬಾಗು ತಿದ್ದುತ್ತದೆ, ನೆಕ್ ಗಿಟಾರಿನ ಬಾಡಿಯನ್ನು ಕೂಡುವ ಕೋನವನ್ನಲ್ಲ. ಕೋನ ತಿದ್ದಬೇಕಾದರೆ ನೆಕ್ ಬಿಚ್ಚಿ ಮತ್ತೆ ಕೂಡಿಸಬೇಕು. ಅದರ ಕೂಲಿ ಈ ಗಿಟಾರಿನ ಬೆಲೆಗಿಂತ ಜಾಸ್ತಿ. ಆದರೂ ತಗೊಂಡೆ. ತಂತಿ ಎತ್ತರದಲ್ಲೇ ಇರಬೇಕಾದ ಗಿಟಾರ್ ಒಂದಿದೆ, ಅಲ್ವಾ?

ನಮ್ಮ ಹಿರಿಯರು ಅದನ್ನು ಹವಾಯಿಯನ್ ಗಿಟಾರ್ ಅನ್ನುತ್ತಿದ್ದರು. ಮಡಿಲಲ್ಲಿ ಮಲಗಿಸಿ, ಲೋಹದ ಬಾರನ್ನು ತಂತಿ ಮೇಲೆ ಜಾರಿಸಿ ನುಡಿಸುವುದು. 1940ರ ದಶಕದಲ್ಲಿ ಟಾವ್ ಮೋ ಎಂಬ ಕಲಾವಿದರು ಕಲ್ಕತ್ತೆಯಲ್ಲಿ ನೆಲೆಸಿ ಇದನ್ನು ಕಲಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ ಭಟ್ ಇದಕ್ಕೆ ತರಫ್ (ತಾನಾಗಿ ಅನುರಣಿಸುವ) ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು. ನಮ್ಮ ಕಡೆ ಚಿತ್ರವೀಣೆ ಹೇಗೂ ಇದೆ, ಅದನ್ನೂ ಜಾರಿಸಿಯೇ ನುಡಿಸುವುದು, ಅದಕ್ಕಂತೂ ಮೆಟ್ಟಿಲೇ (ಫ್ರೆಟ್) ಇಲ್ಲ.

ಈ ದಾರಿ ಹಿಡಿದ ಕೂಡಲೇ ಅರ್ಧ ಕೆಲಸ ತಾನಾಗಿ ಬಿಟ್ಟುಹೋಯಿತು. ಸವೆದ ಫ್ರೆಟ್ ಉಜ್ಜಿ ಮಟ್ಟ ಮಾಡುವುದು ಬೇಕಿಲ್ಲ, ಬಾರ್ ಅವನ್ನು ಮುಟ್ಟುವುದೇ ಇಲ್ಲ. ಸ್ವರ ಎಲ್ಲಿದೆ ಎಂದು ಕಣ್ಣಿಗೆ ತೋರಿಸಿದರೆ ಸಾಕು. ಫ್ರೆಟ್‌ಬೋರ್ಡ್ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಬಣ್ಣ ಕಿತ್ತುಬಂತು. ಒಳಗಿರುವುದು ಬಿಳಿ ಮರ. ಅದನ್ನೂ ಹಾಗೇ ಬಿಟ್ಟೆ.

ಬಿಡಲಾಗದ್ದು ಬ್ರಿಡ್ಜ್. ಹಿಂದಿನ ಅಂಚಿನಲ್ಲಿ ಕಾಗದದ ಚೂರು ತೂರಿಸಿದರೆ ಅರ್ಧದವರೆಗೆ ಒಳಗೆ ಹೋಗುತ್ತಿತ್ತು. ಅಗ್ಗದ ಗಿಟಾರುಗಳಲ್ಲಿ ಇದು ಮಾಮೂಲು. ಪಾಲಿಶ್ ಮೇಲೆಯೇ ಬ್ರಿಡ್ಜ್ ಅಂಟಿಸಿರುತ್ತಾರೆ. ಅಂಟು ಹಿಡಿಯಬೇಕಾದ್ದು ಮರವನ್ನು, ಪಾಲಿಶನ್ನಲ್ಲ. ಬ್ರಿಡ್ಜ್ ಮೇಲೆ ತಂತಿ ಹಾಯುವ ಪಟ್ಟಿಯಾದ ಸ್ಯಾಡಲ್, ತಂತಿ ಹಿಡಿಯುವ ಪಿನ್ನು ತೆಗೆದು, ಸುತ್ತ ಅಲ್ಯೂಮಿನಿಯಂ ಫಾಯಿಲ್ ಹಾಸಿದೆ. ಬ್ರಿಡ್ಜ್ ಮೇಲೆ ಮಡಿಸಿದ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿದೆ. ಬಣ್ಣ ಬಳಿಯುವವರು ಪುಟ್ಟಿ ಹಾಕಲು ಬಳಸುವ ತೆಳು ಪಟ್ಟಿಯನ್ನೂ ಬಿಸಿ ಮಾಡಿ, ಮರದ ಎಳೆ ಹೋಗುವ ದಿಕ್ಕಿನಲ್ಲೇ ನಿಧಾನವಾಗಿ ತೂರಿಸಿದೆ. ಇಲ್ಲಿ ಆತುರ ಮಾಡಿದರೆ ಮೇಲ್ಪದರವೂ ಜೊತೆಗೆ ಎದ್ದುಬರುತ್ತದೆ. ನನ್ನದು ಪ್ಲೈವುಡ್ ಟಾಪ್ (ಮೇಲಿನ ಹಲಗೆ). ಸೌಂಡ್ ಹೋಲ್ ಅಂಚಿನಲ್ಲಿ ಪದರ ಎಣಿಸಬಹುದಿತ್ತು, ಹಾಗಾಗಿ ಇನ್ನೂ ಹುಷಾರಾಗಿರಬೇಕಾಯಿತು.

ಬ್ರಿಡ್ಜ್ ಕೂರುವ ಜಾಗದಲ್ಲಿ ಮಾತ್ರ ಪಾಲಿಶ್ ಕೆರೆದೆ. ಅಂಟು ಹಳದಿ ಬಣ್ಣದ ವುಡ್ ಗ್ಲೂ. ಮಾಮೂಲಿ ಬಿಳಿ ಅಂಟು ಸದಾ ಎಳೆತ ಇರುವ ಕಡೆ, ಅದರಲ್ಲೂ ಬಿಸಿಲಿಗೆ, ಮೆಲ್ಲಗೆ ಸರಿಯುತ್ತದೆ. ಸಾಮಾನ್ಯ ಸಿ-ಕ್ಲಾಂಪ್ ಸೌಂಡ್ ಹೋಲಿನಿಂದ ಬ್ರಿಡ್ಜ್ ತನಕ ಎಟುಕುವುದಿಲ್ಲ. ಉದ್ದ ಬಾಯಿನ ಕ್ಲಾಂಪ್ ದುಬಾರಿ. ಒಂದು ಉಪಾಯ ಇದೆ. ಎರಡೂ ಕೊನೆಯ ಪಿನ್ ತೂತುಗಳಲ್ಲಿ ಬೋಲ್ಟ್ ತೂರಿಸಿ, ಒಳಗೆ ಮರದ ತುಂಡು, ಮೇಲೊಂದು ಮರದ ಪಟ್ಟಿ ಕೊಟ್ಟು ನಟ್ ಬಿಗಿದರೆ ಸಾಕು. ಹೊರಬಂದ ಅಂಟನ್ನು ಆಗಲೇ ಒರೆಸಬೇಕು. ಪೂರ್ತಿ ಒಂದು ದಿನ ಹಾಗೇ ಬಿಡಬೇಕು.

ಬೆರಳ ಗೆಣ್ಣಿನಿಂದ ಟಾಪನ್ನು ಅಲ್ಲಲ್ಲಿ ತಟ್ಟಿದಾಗ ಒಂದು ಕಡೆ ಜರ್ರ್ ಅಂತು. ಮೊಬೈಲನ್ನು ಒಳಗಿಳಿಸಿ ಫೋಟೋ ತೆಗೆದು ನೋಡಿದರೆ ಒಂದು ಬ್ರೇಸ್ (ಟಾಪಿಗೆ ಒಳಗಿನಿಂದ ಆಸರೆ ಕೊಡುವ ಪಟ್ಟಿ) ತುದಿ ಬಿಟ್ಟಿತ್ತು. ಸಿರಿಂಜಿನಲ್ಲಿ ಅಂಟು ಹಾಕಿ ಒತ್ತು ಕೊಟ್ಟೆ, ಮುಗಿಯಿತು.

ಮುಖ್ಯ ಬದಲಾವಣೆ ನಟ್. ಬೋಲ್ಟಿನದ್ದಲ್ಲ, ನೆಕ್ ತುದಿಯಲ್ಲಿ ತಂತಿ ಹಾಯುವ ಪಟ್ಟಿ. ಎಸ್.ಪಿ. ರೋಡಿನಲ್ಲಿ ಹಿತ್ತಾಳೆ ಪಟ್ಟಿ ತಂದು, ತಂತಿ ಫ್ರೆಟ್‌ಗಿಂತ ಸುಮಾರು 10 ಮಿ.ಮೀ. ಮೇಲಿರುವಂತೆ ಕೊಯ್ದು ಕೂರಿಸಿದೆ. ತಂತಿ ಕೂರುವ ಕಚ್ಚುಗಳನ್ನು ಸಣ್ಣ ಅರದಿಂದ ಉಜ್ಜುವಾಗ ಹಿಂದಕ್ಕೆ, ಟ್ಯೂನಿಂಗ್ ಕೀ ಕಡೆಗೆ, ಇಳಿಜಾರು ಕೊಡಬೇಕು. ಇಲ್ಲದಿದ್ದರೆ ತಂತಿ ಗುಂಯ್‌ಗುಡುತ್ತದೆ. ಇನ್ನೊಂದು ಮಾತು: ಮಾಮೂಲಿ ಗಿಟಾರಿನ ಸ್ಯಾಡಲ್ ಫ್ರೆಟ್‌ಬೋರ್ಡಿನಂತೆ ಸ್ವಲ್ಪ ಕಮಾನಾಗಿರುತ್ತದೆ. ಬಾರ್ ನೇರ. ಆದ್ದರಿಂದ ಸ್ಯಾಡಲ್ ನೆತ್ತಿಯನ್ನು ಸಪಾಟು ಮಾಡಿದೆ. ಆರೂ ತಂತಿಗಳ ಮೇಲ್ಮೈ ಒಂದೇ ಮಟ್ಟಕ್ಕೆ ಬರಬೇಕು, ದಪ್ಪ ತಂತಿಯ ಕಚ್ಚು ಜಾಸ್ತಿ ಆಳ. ಸ್ಯಾಡಲ್ ಎತ್ತರಿಸಲು ಹೋಗಲಿಲ್ಲ. ಎತ್ತರಿಸಿದಷ್ಟೂ ಬ್ರಿಡ್ಜನ್ನು ಕೀಳುವ ಬಲ ಹೆಚ್ಚುತ್ತದೆ.

ಶ್ರುತಿ: ದಪ್ಪ ತಂತಿಯಿಂದ ಡಿ, ಎ, ಡಿ, ಡಿ, ಎ, ಡಿ. ಅಂದರೆ ಸ ಪ ಸ ಸ ಪ ಸ. ಹಲವರು ಮೂರನೇ ತಂತಿಯನ್ನು (ಸಣ್ಣ ತಂತಿಯಿಂದ ಎಣಿಸಿದರೆ) ಗಾಂಧಾರಕ್ಕೆ ಇಡುತ್ತಾರೆ. ನನಗೆ ತೋಡಿ ರಾಗ ನುಡಿಸುವಾಗ ಅದರಲ್ಲಿಲ್ಲದ ಅಂತರ ಗಾಂಧಾರ ಸುಮ್ನೆ ಮಧ್ಯೆ ಬಾಯಿ ಹಾಕುವುದು ಬೇಡ. ಆ ಮೂರನೇ ತಂತಿ, ಅಂದರೆ ಜಿ ತಂತಿಯನ್ನು, ಡಿಗೆ ಇಳಿಸಿದರೆ ಜೋಲುತ್ತದೆ, ಅದರ ಬದಲು ಇನ್ನೊಂದು ಸೆಟ್ಟಿನ ನಾಲ್ಕನೇ ತಂತಿ ಹಾಕಿದೆ. ಇ ತಂತಿಯನ್ನು ಡಿಗೆ ಇಳಿಸಿದಾಗ ಬಿಗಿ ಸುಮಾರು ಶೇ. 20ರಷ್ಟು ತಗ್ಗುತ್ತದೆ. ಟ್ರಸ್ ರಾಡ್ ಇಲ್ಲದ ನೆಕ್ಕಿಗೆ ಇದೇ ದೊಡ್ಡ ಉಪಕಾರ. ತರಫ್ ಹಾಕಿಸು ಎಂದು ಗೆಳೆಯರು ಹುರಿದುಂಬಿಸಿದರು. ಮೋಹನವೀಣೆಯ ಬಾಡಿಯನ್ನು ಆ ಭಾರಕ್ಕೆಂದೇ ಕಟ್ಟಿರುತ್ತಾರೆ. ಈ ಪ್ಲೈವುಡ್ ಡಬ್ಬಿ ಅಷ್ಟು ತಡೆಯಲ್ಲ.

ಬಾರನ್ನು ಪೀಣ್ಯದ ಲೇತ್ ಅಂಗಡಿಯಲ್ಲಿ ಮಾಡಿಸಿದೆ. 20 ಮಿ.ಮೀ. ದಪ್ಪ, 75 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲ್, ಒಂದು ತುದಿ ಗುಂಡಗೆ. ತೂಕ 180 ಗ್ರಾಂ ಹತ್ತಿರ. ಕನ್ನಡಿಯಂತೆ ಪಾಲಿಶ್ ಬೇಕು ಎಂದರೆ ಲೇತಿನವರು ಯಾವ ಮೆಷಿನ್ನಿಗೆ ಸಾರ್ ಎಂದು ಕೇಳಿದರು. ಗಿಟಾರಿಗೆ ಎಂದಾಗ ನಕ್ಕು, ಪಾಲಿಶ್ ದುಡ್ಡು ಮಾತ್ರ ತಗೊಂಡರು. ಗೆರೆ ಉಳಿದರೆ ಜಾರಿಸುವಾಗ ಕರಕರ ಎನ್ನುತ್ತದೆ, ಅದಕ್ಕೇ ಮನೆಗೆ ತಂದು 2000 ನಂಬರಿನ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಇನ್ನೊಮ್ಮೆ ಉಜ್ಜಿದೆ.