ನಮ್ಮ ಮನೆ ಮೋಲ್ಡಿಗೆ ಕಾಂಕ್ರೀಟ್ ಲೆಕ್ಕ ಹಾಕಿದ್ದು ಹೀಗೆ

ಚದರಕ್ಕೆ (ಅಂದರೆ 100 ಚದರ ಅಡಿಗೆ) ಇಷ್ಟು ಮೂಟೆ ಸಿಮೆಂಟು ಅಂತ ಮೇಸ್ತ್ರಿಗಳು ಬಾಯಲ್ಲೇ ಲೆಕ್ಕ ಹೇಳಿಬಿಡುತ್ತಾರೆ. ಅನುಭವದ ಮಾತು, ಬಹುಪಾಲು ಹತ್ತಿರಕ್ಕೇ ಬರುತ್ತದೆ. ಆದರೆ ಆ ಒಂದು ಅಂಕಿಯಲ್ಲಿ ಸ್ಲ್ಯಾಬಿಗೆಷ್ಟು, ಬೀಮಿಗೆಷ್ಟು ಅನ್ನುವುದು ಕಾಣುವುದಿಲ್ಲ. ಕಾಣದಿದ್ದರೆ ಹೆಚ್ಚಾದದ್ದು ಎಲ್ಲಿ ಅಂತ ಹುಡುಕುವುದೂ ಕಷ್ಟ. ಹಾಗಾಗಿ ತುಮಕೂರಿನ ನಮ್ಮ 30×40 ಸೈಟಿನ ಮನೆಗೆ ಒಂದೊಂದು ಭಾಗವನ್ನೂ ಬೇರೆ ಬೇರೆ ಅಳೆದು ಬರೆದುಕೊಂಡೆ.

ಫುಟಿಂಗ್, ಅಂದರೆ ಕಾಲಮ್ಮಿನ ಬುಡದ ಪಾಯ, ಸುಲಭ. 4 ಅಡಿಗೆ 4 ಅಡಿ, ದಪ್ಪ 1 ಅಡಿ ಅಂದರೆ 16 ಘನ ಅಡಿ, ಅಂಥವು 12. ಕಾಲಮ್ಮಿನ ಎತ್ತರವನ್ನು ಬೀಮಿನ ತಳದವರೆಗೆ ಮಾತ್ರ ಹಿಡಿದರೆ ಅದೂ ಮುಗಿಯಿತು. ನಿಜವಾಗಿ ಕೂತು ಯೋಚಿಸಬೇಕಾದ್ದು ಮೋಲ್ಡ್, ಅಂದರೆ ಸ್ಲ್ಯಾಬನ್ನೂ ಬೀಮನ್ನೂ ಒಟ್ಟಿಗೆ, ಹಾಕುವ ದಿನದ ಲೆಕ್ಕ.

ನಮ್ಮ ಸ್ಲ್ಯಾಬು 25 ಅಡಿಗೆ 36, ಅಂದರೆ 900 ಚದರ ಅಡಿ. 5 ಇಂಚು ದಪ್ಪಕ್ಕೆ 375 ಘನ ಅಡಿ. ಬೀಮುಗಳು ಒಟ್ಟು 180 ಅಡಿ ಉದ್ದ, 9 ಇಂಚು ಅಗಲ, 15 ಇಂಚು ಆಳ. ಆ 15ರಲ್ಲಿ ಮೇಲಿನ 5 ಇಂಚು ಸ್ಲ್ಯಾಬಿನ ಲೆಕ್ಕದಲ್ಲಿ ಆಗಲೇ ಬಂದಿರುತ್ತದೆ. ಉಳಿದ 10 ಇಂಚಿಗೆ 112.5 ಘನ ಅಡಿ. ಪೂರ್ತಿ ಆಳ ಹಿಡಿದಿದ್ದರೆ ಸುಮ್ಮನೆ 56 ಘನ ಅಡಿ ಹೆಚ್ಚು ತೋರಿಸುತ್ತಿತ್ತು. ಒಟ್ಟು 487.5 ಘನ ಅಡಿ. ಒಂದು ಘನ ಮೀಟರಿಗೆ 35.3 ಘನ ಅಡಿ, ಅದರಿಂದ ಭಾಗಿಸಿದರೆ 13.8 ಘನ ಮೀಟರ್.

ಇದು ಕಾಗದದ ಮೇಲಿನ ಲೆಕ್ಕ. ಕಾಂಕ್ರೀಟು ತುಂಬುವುದು ಸೆಂಟ್ರಿಂಗಿನ ಮೇಲೆ, ಅಂದರೆ ಕೆಳಗಿನಿಂದ ಆಸರೆ ಕೊಟ್ಟು ಹಾಸಿದ ಶೀಟುಗಳ ಮೇಲೆ. ಶೀಟು ಎಲ್ಲಾದರೂ ಕುಸಿದಿದ್ದರೆ ಆ ಗುಂಡಿಯೂ ತುಂಬಬೇಕು. ಇಡೀ ಸ್ಲ್ಯಾಬು ಅರ್ಧ ಇಂಚು ದಪ್ಪವಾದರೆ 37.5 ಘನ ಅಡಿ, ಅಂದರೆ ಒಂದು ಘನ ಮೀಟರಿಗೂ ಮೇಲೆ ಬೇಕು! ಅದಕ್ಕೇ ಹಿಂದಿನ ಸಂಜೆ ಮೇಲ್ಮಟ್ಟಕ್ಕೆ ದಾರ ಕಟ್ಟಿ, ಪ್ರತಿ ಕೋಣೆಯ ನಡುವೆಯೂ ಅಂಚಿನಲ್ಲೂ ಶೀಟಿನವರೆಗೆ ಟೇಪು ಇಳಿಸಿ ನೋಡಿದೆ. ಹಾಲ್‌ನ ನಡುವೆ ಕೆಳಗಿಳಿದಿದ್ದ ಕಡೆ ಪ್ರಾಪ್‌ಗಳನ್ನು (ಆಸರೆಯ ಕಂಬಗಳನ್ನು) ಬಿಗಿ ಮಾಡಿಸಿದೆವು. ನನ್ನ ಪ್ರಕಾರ ಇಡೀ ಅಂದಾಜಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ.

ಸೈಟಿನಲ್ಲೇ ಕಲಸುವುದಾದರೆ ಒಣ ಸಾಮಾನಿಗೆ ಈ ಘನ ಅಳತೆಯನ್ನು 1.54ರಿಂದ ಗುಣಿಸಬೇಕು. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಇಳಿಯುವುದರಿಂದ ಒಣ ಸಾಮಾನು ಅಷ್ಟು ಹೆಚ್ಚು ಬೇಕು. ಸಿಮೆಂಟು, ಮರಳು, ಜಲ್ಲಿ 1:1.5:3 ಮಿಶ್ರಣದ ಎಂ20 ದರ್ಜೆಯ ಕಾಂಕ್ರೀಟಿಗೆ, ಆ 1.54 ಸೇರಿಯೇ, ಒಂದು ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು, 15 ಘನ ಅಡಿ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), 30 ಘನ ಅಡಿ ಜಲ್ಲಿ. ನಮ್ಮ ಮೋಲ್ಡಿಗೆ ಆ ಲೆಕ್ಕದಲ್ಲಿ 110 ಮೂಟೆ ಬೇಕಿತ್ತು. ನಾವು ತರಿಸಿದ್ದು ಆರ್‌ಎಂಸಿ, ಅಂದರೆ ಪ್ಲಾಂಟಿನಿಂದ ಗಾಡಿಯಲ್ಲಿ ಬರುವ ರೆಡಿ ಮಿಕ್ಸ್ ಕಾಂಕ್ರೀಟು. ಅದು ಕಲಸಿಯೇ ಬರುವುದರಿಂದ ಅಲ್ಲಿ 1.54 ಸೇರಿಸಬಾರದು. ಆದರೆ ಪಂಪಿನ ಪೈಪಿನೊಳಗೆ ಉಳಿಯುವುದನ್ನು ಸೇರಿಸಲೇಬೇಕು: 125 ಮಿಲಿಮೀಟರ್ ಪೈಪು 30 ಮೀಟರ್ ಇದ್ದರೆ 0.37 ಘನ ಮೀಟರ್ ಅದರಲ್ಲೇ ಇರುತ್ತದೆ.

ಎರಡು ಗಾಡಿಗೆ ತಲಾ 6 ಘನ ಮೀಟರ್ ಅಂತ ಮೊದಲೇ ಹೇಳಿ, ಮೂರನೆಯದಕ್ಕೆ ಅಳತೆ ಆಮೇಲೆ ಕೊಡುತ್ತೇನೆ ಅಂತ ಪ್ಲಾಂಟಿನವರನ್ನು ಒಪ್ಪಿಸಿದ್ದೆ. ಎರಡನೆಯ ಗಾಡಿ ಖಾಲಿಯಾಗುತ್ತಾ ಬಂದಾಗ ಉಳಿದ ಜಾಗಕ್ಕೆ ಟೇಪು ಹಿಡಿದು, ಪೈಪಿನದ್ದನ್ನೂ ಚೂರು ಹೆಚ್ಚುವರಿಯನ್ನೂ ಸೇರಿಸಿ 2.5 ಅಂದೆ. ಕಾಂಕ್ರೀಟು ಸಾಲದೇ ಹೋದರೆ ನೀರು ಬೆರೆಸಿ ಎಳೆದಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ, ಸ್ಲ್ಯಾಬಿನ ಬಲವೇ ಹೋಗುತ್ತದೆ. ಅರ್ಧದಲ್ಲಿ ನಿಂತು ತಡವಾಗಿ ಮತ್ತೆ ಹಾಕಿದರೆ ಆ ಜಾಯಿಂಟಿನಲ್ಲಿ ನೀರು ಜಿನುಗುವ ಅಪಾಯ. ಸ್ವಲ್ಪ ಉಳಿಯುವುದೇ ವಾಸಿ. ಉಳಿದದ್ದಕ್ಕೆಂದೇ ಸಂಪಿನ ಮುಚ್ಚಳಕ್ಕೆ ಕಂಬಿ ಕಟ್ಟಿ ಚೌಕಟ್ಟು ಸಿದ್ಧ ಮಾಡಿಟ್ಟಿದ್ದೆ. ಕೊನೆಯ ಬಾಂಡ್ಲಿಗಳು ಅಲ್ಲಿಗೆ ಹೋದವು.